ಇಲ್ಲದ ಹೊಲಿಗೆ ಸಂಘ

ಬೋರ್ಡಿನ ಬಣ್ಣ ಇನ್ನೂ ಒಣಗಿರಲಿಲ್ಲ. ಗೇಟು ದೂಡುವಾಗ ಆಧಾರಕ್ಕೆಂದು ಕೈಯಿಟ್ಟ ಲೊರ್ನಾಳ ಬೆರಳಿಗೆ ಹಸಿರು ಅಂಟಿಕೊಂಡಿತು. ‘ಕಾಪು ಮಹಿಳಾ ಹೊಲಿಗೆ ಸಂಘ’ ಎಂದು ಬರೆದಿತ್ತು. ಸಂಘದ ಸೊನ್ನೆಯಿಂದ ಬಣ್ಣ ಒಂದಿಷ್ಟು ಕೆಳಗೆ ಇಳಿದು ಅಲ್ಲೇ ನಿಂತಿತ್ತು.

ಕರ್ಚೀಫಿನಿಂದ ಬೆರಳು ಒರೆಸಿಕೊಂಡಳು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಅಪ್ಪಿಯಮ್ಮ ಧರ್ಮನಿಧಿಯ ಪರವಾಗಿ ಅವಳು ಹೋದಲ್ಲೆಲ್ಲ ಬೋರ್ಡು ಹೊಸತಾಗಿರುತ್ತಿತ್ತು, ಅಂಗಳ ಗುಡಿಸಿರುತ್ತಿತ್ತು, ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಬಾಚಿರುತ್ತಿತ್ತು. ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಮೇಲೆ ಬಂದ ಒಬ್ಬರು ತಾಯಿಯ ಹೆಸರಿನಲ್ಲಿ ಕಟ್ಟಿದ ನಿಧಿ ಅದು. ಮಹಿಳಾ ಮಂಡಲ, ಯುವಕ ಮಂಡಲ, ಬಾಲವಾಡಿ, ವಾಚನಾಲಯ, ಹೀಗೆ ಯಾರು ಸಹಾಯಕ್ಕೆ ಅರ್ಜಿ ಹಾಕಿದರೂ ಉಡುಪಿಯ ಸಮಿತಿಯ ಮುಂದೆ ಅದನ್ನು ಇಡುವ ಮೊದಲು ಯಾರಾದರೂ ಹೋಗಿ ಕಣ್ಣಾರೆ ನೋಡಿ ಬರಬೇಕು. ಆ ‘ಯಾರಾದರೂ’ ಎಂದರೆ ಲೊರ್ನಾ. ಕಾರ್ಕಳದ ಗುಡ್ಡದ ಮೇಲಿನ ಬಾಲವಾಡಿಯಿಂದ ಎಲ್ಲೂರಿನ ಭಜನಾ ಮಂಡಳಿಯವರೆಗೆ ಅವಳು ನೋಡದ ಸಂಘ ಇರಲಿಲ್ಲ. ಹೋದಲ್ಲೆಲ್ಲ ಜನ ಎದ್ದು ನಿಲ್ಲುತ್ತಿದ್ದರು. ಅವಳು ಹೊರಟ ಮೇಲೆಯೇ ಕುಳಿತುಕೊಳ್ಳುತ್ತಿದ್ದರು.

ಎಂಬತ್ತೊಂದನೆಯ ಇಸವಿ, ದಸರಾ ಮುಗಿದ ಮೇಲಿನ ಒಂದು ಶನಿವಾರ. ಮನೆ ತಾರಸಿಯದು, ಹೊಸತು. ಹೆದ್ದಾರಿಯಿಂದ ಕಡಲಿನ ಕಡೆಗೆ ಹೋಗುವ ದಾರಿಯಲ್ಲಿ ಸುತ್ತಲಿನ ಹಂಚಿನ ಮನೆಗಳ ನಡುವೆ ಅದೊಂದೇ ಎತ್ತರಕ್ಕೆ ನಿಂತಿತ್ತು. ಕಿಟಕಿಗಳಿಗೆ ನೀಲಿ ಗಾಜು. ಗಲ್ಫಿನ ಹಣದ ಮನೆ ಎಂದು ನೋಡಿದ ಕೂಡಲೇ ಗೊತ್ತಾಗುವಂತಿತ್ತು. ಇಂಥ ಮನೆಯವರಿಗೆ ನಿಧಿಯ ಆರು ಹೊಲಿಗೆ ಮೆಷಿನು ಯಾಕೆ ಬೇಕು ಎಂದು ಲೊರ್ನಾ ಮೆಟ್ಟಿಲು ಹತ್ತುವಾಗಲೇ ಯೋಚಿಸಿದಳು.

ಬಾಗಿಲಲ್ಲಿ ನಿಂತಿದ್ದವಳು ಖೈರುನ್ನಿಸಾ, ಅರ್ಜಿಗೆ ಅಧ್ಯಕ್ಷೆ ಎಂದು ಸಹಿ ಹಾಕಿದವಳು. ವಯಸ್ಸು ಮೂವತ್ತೈದರ ಆಸುಪಾಸು. ತಲೆಯ ಮೇಲಿನ ಸೆರಗನ್ನು ಪದೇ ಪದೇ ಸರಿಮಾಡಿಕೊಳ್ಳುತ್ತಿದ್ದಳು.

“ಬನ್ನಿ ಮೇಡಂ, ಬನ್ನಿ. ಬಸ್ಸು ಸಿಕ್ಕಿತಾ? ಎಲ್ಲರೂ ಬಂದಿದ್ದಾರೆ, ನಿಮ್ಮನ್ನೇ ಕಾಯುತ್ತಾ ಇದ್ದೇವೆ.”

ಮುಂದಿನ ಹಾಲಿನಲ್ಲಿ ಚಾಪೆ ಹಾಸಿತ್ತು. ಅದರ ಮೇಲೆ ಒಂದಷ್ಟು ಹೆಂಗಸರು ಗೋಡೆಗೆ ಬೆನ್ನು ತಾಗಿಸದೆ ನೆಟ್ಟಗೆ ಕುಳಿತಿದ್ದರು. ಪಕ್ಕದ ಮನೆಯ ಕುಂಞಿಪಾತುಮ್ಮ, ಅವಳ ಸೊಸೆ, ಕಡಲ ಬದಿಯಿಂದ ಬಂದ ಮೊಗವೀರರ ರತ್ನಾವತಿ, ಮತ್ತೆ ಇನ್ನೂ ಕೆಲವರು. ನಡುವೆ ಒಂದು ಹೊಲಿಗೆ ಮೆಷಿನು. ಮೇಜಿನ ಮೇಲೆ ಮಡಚಿ ಇಟ್ಟ ಫ್ರಾಕುಗಳು, ಒಳಲಂಗಗಳು, ಒಂದು ಜುಬ್ಬಾ.

“ಇದೆಲ್ಲ ನಿಮ್ಮ ಸಂಘದವರೇ ಹೊಲಿದದ್ದಾ?”

“ಹೌದು ಮೇಡಂ. ಎಲ್ಲರೂ ಸೇರಿ ಹೊಲಿದದ್ದು,” ಎಂದಳು ಖೈರುನ್ನಿಸಾ.

ಲೊರ್ನಾ ಒಂದು ಫ್ರಾಕನ್ನು ಎತ್ತಿಕೊಂಡಳು. “ಇದನ್ನು ಹೊಲಿದವರು ಯಾರು?”

ಖೈರುನ್ನಿಸಾಳ ಕಣ್ಣು ಕುಂಞಿಪಾತುಮ್ಮನ ಕಡೆಗೆ ಹೋಯಿತು. ಕುಂಞಿಪಾತುಮ್ಮ ಗಂಟಲು ಸರಿಮಾಡಿಕೊಂಡು, “ನಾನೇ,” ಎಂದಳು. ಅರುವತ್ತು ದಾಟಿದ ಹೆಂಗಸು, ದೊಡ್ಡ ಮೈ, ಕಿವಿಯ ತುಂಬ ಅಲಿಕತ್ತಿನ ಓಲೆಗಳು.

“ಚಂದ ಉಂಟು. ಸ್ವಲ್ಪ ಹೊಲಿದು ತೋರಿಸುತ್ತೀರಾ?”

ಇದು ಲೊರ್ನಾ ಎಲ್ಲ ಕಡೆಯೂ ಕೇಳುವ ಮಾತು. ಕುಂಞಿಪಾತುಮ್ಮ ಎದ್ದು ಸ್ಟೂಲಿನ ಮೇಲೆ ಕುಳಿತಳು. ಪಾದಗಳನ್ನು ಪೆಡಲಿನ ಮೇಲೆ ಇಟ್ಟು, ದೇವರ ಹೆಸರು ಹೇಳಿ, ಬಲವಾಗಿ ಒತ್ತಿದಳು. ಚಕ್ರ ಹಿಂದಕ್ಕೆ ತಿರುಗಿತು. ಬಟ್ಟೆ ಮುಂದೆ ಹೋಗುವ ಬದಲು ಅವಳ ಕಡೆಗೇ ಬಂತು. ಅವಳು ಗಾಬರಿಯಿಂದ ಇನ್ನೂ ಜೋರಾಗಿ ತುಳಿದಳು. ದಾರ ಟಪ್ಪೆಂದು ಕಡಿಯಿತು.

“ಅಯ್ಯೋ, ಇದು ನನ್ನನ್ನೇ ತಿನ್ನಲಿಕ್ಕೆ ಬರ್ತದೆ!” ಎಂದು ಕುಂಞಿಪಾತುಮ್ಮ ಎರಡೂ ಕೈ ಮೇಲೆತ್ತಿದಳು.

ಮೊದಲು ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ರತ್ನಾವತಿ ಗಟ್ಟಿಯಾಗಿ ನಕ್ಕುಬಿಟ್ಟಳು. ಅವಳು ನಕ್ಕ ಮೇಲೆ ಯಾರಿಗೂ ತಡೆಯಲಾಗಲಿಲ್ಲ. ಕುಂಞಿಪಾತುಮ್ಮ ಸ್ವತಃ ಸ್ಟೂಲಿನ ಮೇಲೆ ಮೈಯೆಲ್ಲ ಕುಲುಕಿಸಿಕೊಂಡು ನಕ್ಕಳು. ಖೈರುನ್ನಿಸಾ ನಗಬಾರದೆಂದು ತುಟಿ ಕಚ್ಚಿಕೊಂಡವಳು ಕೊನೆಗೆ ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆ ಹೊಸ ಮನೆಯ ಹಾಲಿನಲ್ಲಿ ನಗು ದೊಡ್ಡದಾಗಿ ಕೇಳಿಸಿತು.

ಲೊರ್ನಾ ಮಾತ್ರ ಫ್ರಾಕು ಹಿಡಿದುಕೊಂಡು ನಿಂತಿದ್ದಳು. ತಾನೂ ನಗಬೇಕೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ತೀರ್ಮಾನಿಸುವಷ್ಟರಲ್ಲಿ ಅವರು ಅವಳ ಮುಖ ನೋಡಿ ಒಬ್ಬೊಬ್ಬರಾಗಿ ಸುಮ್ಮನಾದರು.

ಸ್ವಲ್ಪ ಹೊತ್ತಿನಲ್ಲಿ ಹೆಂಗಸರು ಹೊರಟುಹೋದರು. “ಮೆಷಿನು ಯಾವಾಗ ಬರ್ತದೆ ಅಂತ ಹೇಳು ಮಾರಾಯ್ತಿ, ಇವತ್ತಿನ ಮೀನು ಬಿಟ್ಟು ಬಂದಿದ್ದೇನೆ,” ಎಂದು ರತ್ನಾವತಿ ಖೈರುನ್ನಿಸಾಳ ಕಿವಿಯಲ್ಲಿ ಹೇಳಿದ್ದು ಲೊರ್ನಾಳಿಗೂ ಕೇಳಿಸಿತು. ಖೈರುನ್ನಿಸಾ ಹಾಲು ಹಾಕದ ಚಹಾ ತಂದಿಟ್ಟಳು. ಲಿಂಬೆಯ ವಾಸನೆ ಬರುತ್ತಿತ್ತು. ಅರ್ಜಿ ಹಾಕಿದವರ ಮನೆಯಲ್ಲಿ ಏನನ್ನೂ ಮುಟ್ಟಬಾರದೆಂಬುದು ನಿಧಿಯ ನಿಯಮ. ಲೊರ್ನಾ ಲೋಟವನ್ನು ನೋಡಿ, “ಬೇಡ, ನಿಯಮ ಬಿಡುವುದಿಲ್ಲ,” ಎಂದಳು.

“ನಿಮಗೆ ಗೊತ್ತಾಯ್ತು ಅಲ್ವಾ?” ಎಂದಳು ಖೈರುನ್ನಿಸಾ. ಅಲ್ಲಿಯವರೆಗೆ ಶಾಲೆಯ ಪುಸ್ತಕದ ಹಾಗೆ ಕನ್ನಡ ಮಾತಾಡುತ್ತಿದ್ದವಳು ಈಗ ತುಳುವಿಗೆ ಹೊರಳಿದ್ದಳು. ಒಬ್ಬಳ ಮನೆಮಾತು ಬ್ಯಾರಿ, ಇನ್ನೊಬ್ಬಳದು ಕೊಂಕಣಿ. ನಡುವೆ ಇಬ್ಬರಿಗೂ ಸಲೀಸಾದದ್ದು ತುಳುವೇ.

“ಗೊತ್ತಾಯ್ತು.”

“ಎಲ್ಲ ನಾನೇ ಹೊಲಿದದ್ದು. ಸಂಘ ಇಲ್ಲ. ಅವರೆಲ್ಲ ಇವತ್ತು ಮೊದಲ ಸಲ ಬಂದದ್ದು. ಕಾಲು ಹಿಡಿದು ಕರೆದೆ.”

“ನಿಮಗೆ ಮೆಷಿನು ಉಂಟಲ್ಲ. ಮತ್ತೆ ಬೇಕಾದರೂ ನಿಮ್ಮ ಗಂಡ ತೆಗೆದುಕೊಡಬಹುದು. ಆರು ಮೆಷಿನು ಯಾಕೆ?”

“ಒಂದು ಮೆಷಿನಿನಲ್ಲಿ ಒಬ್ಬಳು ಹೊಲಿಯಬಹುದು. ಆರು ಮೆಷಿನು ಇದ್ದರೆ ಆರು ಹೆಂಗಸರು ಬರಬೇಕಲ್ಲವಾ?”

ಅವಳು ಅದನ್ನು ಯಾವ ದುಃಖವೂ ಇಲ್ಲದೆ, ಲೆಕ್ಕದ ಟೀಚರು ಹೇಳುವ ಹಾಗೆ ಹೇಳಿದಳು. ಆಮೇಲೆ ಗೇಟಿನ ಕಡೆ ನೋಡುತ್ತ ಮುಂದುವರಿಸಿದಳು. “ಮೊದಲು ಇಲ್ಲಿಯೇ ಸಣ್ಣ ಮನೆ ಇತ್ತು. ಆಗ ಉಪ್ಪು ಕೇಳಲಿಕ್ಕೆ, ಬೆಂಕಿ ಕೇಳಲಿಕ್ಕೆ ಇಡೀ ದಿನ ಯಾರಾದರೂ ಬರುತ್ತಿದ್ದರು. ಈ ಮನೆ ಕಟ್ಟಿದ ಮೇಲೆ ಯಾರೂ ಬರುವುದಿಲ್ಲ. ಅತ್ತೆ ಇದ್ದರು, ಹೋದ ವರ್ಷ ತೀರಿಹೋದರು. ರಾತ್ರಿಗೆ ಅತ್ತೆಯ ತಂಗಿ ಬಂದು ಮಲಗುತ್ತಾರೆ, ಬೆಳಿಗ್ಗೆ ಎದ್ದು ಹೋಗುತ್ತಾರೆ. ಇವರು ಶಾರ್ಜಾದಿಂದ ಎರಡು ವರ್ಷಕ್ಕೊಮ್ಮೆ ಬರುವುದು. ಮಕ್ಕಳಿಲ್ಲ. ನಾನೇ ಕರೆದರೆ ‘ಯಾಕೆ’ ಅಂತ ಕೇಳುತ್ತಾರೆ. ಅವರ ಮನೆಯ ಗಂಡಸರೂ ಕೇಳುತ್ತಾರೆ. ಉಡುಪಿಯಿಂದ ಒಂದು ನಿಧಿ ಮೆಷಿನು ಕೊಟ್ಟಿದೆ, ಕಲಿಯಲಿಕ್ಕೆ ಹೋಗಬೇಕು ಅಂತ ಆದರೆ ಯಾರು ಕೇಳುತ್ತಾರೆ?”

ಲೊರ್ನಾ ಚೀಲದಿಂದ ಪೆನ್ನು ತೆಗೆದಿದ್ದಳು. ಏನೂ ಬರೆಯದೆ ಮತ್ತೆ ಒಳಗೆ ಹಾಕಿದಳು. “ವರದಿ ಕೊಡುತ್ತೇನೆ. ಸಮಿತಿಯವರು ಹೇಳಬೇಕು,” ಎಂದು ಎದ್ದಳು. ಎಲ್ಲ ಕಡೆಯೂ ಹೇಳುವ ಮಾತು ಅದು.

ಉಡುಪಿಯಲ್ಲಿ ಬಸ್ಸು ಬದಲಿಸಿ ಸಂತೆಕಟ್ಟೆಗೆ ಬಂದಾಗ ಸಂಜೆಯಾಗಿತ್ತು. ಜಂಕ್ಷನ್ನಿನಿಂದ ಮನೆ ದೂರವಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಲೊರ್ನಾ ಆ ಮನೆಯ ಎರಡು ಕೋಣೆಗಳನ್ನು ಮುಚ್ಚಿ, ಅಡುಗೆಮನೆ ಮತ್ತು ಅದರ ಪಕ್ಕದ ಕೋಣೆಯಲ್ಲಿ ಇರುತ್ತಿದ್ದಳು. ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಮದುವೆಯ ವಯಸ್ಸು ದಾಟಿತ್ತು. ಅದನ್ನು ಅವಳು ದೂರೆಂದು ಯಾರಲ್ಲೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಷ್ಟು ಹತ್ತಿರದವರೂ ಇರಲಿಲ್ಲ. ಭಾನುವಾರ ಇಗರ್ಜಿಯ ಮೆಟ್ಟಿಲಲ್ಲಿ ಪರಿಚಯದ ಬರ್ತಾ ಬಾಯಿ ಸಿಗುತ್ತಿದ್ದಳು. “ಹೇಗಿದ್ದೀ ಲೊರ್ನಾ?” ಎಂದು ಕೇಳಿ, ಉತ್ತರ ಬರುವ ಮೊದಲೇ ಮೊಮ್ಮಗನ ಕೈ ಹಿಡಿದು ಇಳಿದುಹೋಗುತ್ತಿದ್ದಳು.

ಆ ಸಂಜೆ ಗಂಜಿಗೆ ಅಕ್ಕಿ ತೊಳೆಯುವಾಗ ಕುಂಞಿಪಾತುಮ್ಮ ಕೈ ಮೇಲೆತ್ತಿದ್ದು ನೆನಪಾಗಿ ಲೊರ್ನಾಳಿಗೆ ನಗು ಬಂತು. ಒಬ್ಬಳೇ ಇದ್ದ ಅಡುಗೆಮನೆಯಲ್ಲಿ ತನ್ನ ನಗುವಿನ ಸದ್ದು ಕೇಳಿ ಅವಳು ಬೆಚ್ಚಿದಳು. ಆಮೇಲೆ ಅಕ್ಕಿ ಹಾಗೆಯೇ ಬಿಟ್ಟು ಬಾವಿಯ ಕಟ್ಟೆಗೆ ಹೋಗಿ ಕುಳಿತಳು. ಜನ ಬೇಕು ಎಂದು ಯಾರನ್ನಾದರೂ ಕೇಳಬಹುದು, ಅದಕ್ಕೆಂದು ಒಂದು ಅರ್ಜಿಯನ್ನೂ ಹಾಕಬಹುದು ಎಂಬುದು ಇಷ್ಟು ವರ್ಷಗಳಲ್ಲಿ ಅವಳ ತಲೆಗೆ ಹೊಳೆದಿರಲಿಲ್ಲ.

ವರದಿಯಲ್ಲಿ ಒಂದು ಸುಳ್ಳು ಬರೆದರೆ ಸಾಕಿತ್ತು. ಸಂಘ ನಡೆಯುತ್ತಿದೆ, ಸದಸ್ಯೆಯರು ಉತ್ಸಾಹಿಗಳು, ಸಹಾಯ ಮಾಡಬಹುದು. ಅವಳು ಬರೆದದ್ದನ್ನು ಸಮಿತಿಯಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಸುಳ್ಳು ಬರೆಯಲು ಅವಳಿಗೆ ಬರುತ್ತಿರಲಿಲ್ಲ. ಅದು ದೊಡ್ಡ ಗುಣವೆಂದೇನೂ ಅವಳಿಗೆ ಅನ್ನಿಸಲಿಲ್ಲ. ಕೈ ತಿರುಗುತ್ತಿರಲಿಲ್ಲ, ಅಷ್ಟೆ. ಸಂಘ ಇಲ್ಲ, ಒಬ್ಬಳೇ ಹೆಂಗಸು ಇದ್ದಾಳೆ, ಆದರೂ ಮೆಷಿನು ಕೊಡುವುದು ಒಳ್ಳೆಯದು ಎಂದು ಬರೆದಳು.

ಸಮಿತಿ ಸೇರಿದ್ದು ಉಡುಪಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿದ್ದ ನಿಧಿಯ ಕಚೇರಿಯಲ್ಲಿ. ಕಾರ್ಯದರ್ಶಿ ಗುಣಪಾಲ ಅರಿಗರು ಕಾರ್ಕಳದವರು, ನಿವೃತ್ತ ಹೆಡ್‌ಮಾಸ್ಟರು. ಜೊತೆಗೆ ಮಣಿಪಾಲದ ಒಬ್ಬರು ಡಾಕ್ಟರು. ಅರಿಗರು ವರದಿ ಓದಿ ಕನ್ನಡಕ ತೆಗೆದರು.

“ಇದೆಂತ ಲೊರ್ನಾ? ಸಂಘ ಇಲ್ಲ ಅಂತಲೂ ನೀವೇ ಬರೆದಿದ್ದೀರಿ, ಕೊಡಿ ಅಂತಲೂ ನೀವೇ ಬರೆದಿದ್ದೀರಿ.”

“ಮೆಷಿನು ಬಂದರೆ ಸಂಘ ಆಗುತ್ತದೆ ಸರ್.”

“ನಾವು ಇರುವ ಸಂಘಕ್ಕೆ ಕೊಡುವುದು. ಆಗಬಹುದಾದ ಸಂಘಕ್ಕೆ ಕೊಟ್ಟರೆ ನಾಳೆ ಎಲ್ಲರೂ ಬರುತ್ತಾರೆ. ಅದೂ ಸುಳ್ಳು ಹೇಳಿದವರಿಗೆ.”

“ಸುಳ್ಳು ಹೇಳಿದ್ದು ಹೌದು. ಆದರೆ ಅವಳು ಕೇಳಿದ್ದು ಮೆಷಿನು ಅಲ್ಲ ಸರ್.”

“ಮತ್ತೆ ಎಂತ ಕೇಳಿದ್ದು?” ಎಂದರು ಡಾಕ್ಟರು, ನಿಜವಾದ ಕುತೂಹಲದಿಂದ.

ಲೊರ್ನಾ ಬಾಯಿ ತೆರೆದಳು. ಹೇಳಬೇಕಾದ ಶಬ್ದ ಅವಳಿಗೆ ಗೊತ್ತಿತ್ತು. ಅದನ್ನು ಆ ಕೋಣೆಯಲ್ಲಿ, ಆ ಇಬ್ಬರು ಸಜ್ಜನರ ಮುಂದೆ ಹೇಳಿದರೆ ತನ್ನ ಬಗ್ಗೆಯೇ ಹೇಳಿಕೊಂಡ ಹಾಗಾಗುತ್ತದೆ ಎನ್ನಿಸಿತು. “ಜನ,” ಎಂದಳು ಮೆಲ್ಲಗೆ.

ಕೆಳಗಿನ ರಸ್ತೆಯಲ್ಲಿ ಬಸ್ಸೊಂದು ಹಾರ್ನು ಹಾಕಿತು. ಡಾಕ್ಟರಿಗೆ ಕೇಳಿಸಿತೋ ಇಲ್ಲವೋ, ಅವರು ತಲೆಯಾಡಿಸಿದರು.

“ನಿಮಗೆ ಮೈ ಸರಿ ಇಲ್ಲವಾ ಇವತ್ತು?” ಎಂದು ಅರಿಗರು ಮೃದುವಾಗಿ ಕೇಳಿದರು. ಆಮೇಲೆ ಎಲ್ಲೂರಿನ ಭಜನಾ ಮಂಡಳಿಯ ಸೋರುವ ಮಾಡಿನ ವಿಷಯ ಎತ್ತಿಕೊಂಡರು.

ಆಗದಿದ್ದ ಅರ್ಜಿಗಳಿಗೆ ಅಚ್ಚು ಹಾಕಿಸಿದ ಒಂದು ಕಾರ್ಡು ಹೋಗುತ್ತಿತ್ತು. ಖೈರುನ್ನಿಸಾಳಿಗೆ ಆ ಕಾರ್ಡು ಕಳಿಸಲು ಲೊರ್ನಾಳಿಗೆ ಮನಸ್ಸಾಗಲಿಲ್ಲ. ಮುಂದಿನ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅವಳೇ ಕಾಪುವಿನ ಬಸ್ಸು ಹತ್ತಿದಳು. ಹೀಗೆ ಹೋಗುವ ರೂಢಿಯೂ ಇರಲಿಲ್ಲ, ಕಾರಣವೂ ಇರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು.

“ಆಗಲಿಲ್ಲ ಅಲ್ವಾ?” ಖೈರುನ್ನಿಸಾ ಬಾಗಿಲಲ್ಲೇ ಕೇಳಿದಳು.

“ಆಗಲಿಲ್ಲ. ನಾನು ಇದ್ದದ್ದನ್ನು ಬರೆದೆ. ಇಲ್ಲದಿದ್ದರೆ ಸಿಗುತ್ತಿತ್ತು.”

ಖೈರುನ್ನಿಸಾ ಬಾಗಿಲು ಪೂರ್ತಿ ತೆರೆದಳು. “ನೀವು ಎಂತ ಮಾಡುವುದು? ಇಲ್ಲದ್ದನ್ನು ಇಲ್ಲ ಅಂತಲೇ ಬರೆಯಬೇಕಲ್ಲ,” ಎಂದಳು.

ಅಷ್ಟರಲ್ಲಿ ರತ್ನಾವತಿ ಗೇಟಿನ ಒಳಗೆ ಬಂದಳು. ಮೀನಿನ ಬುಟ್ಟಿ ಗೇಟಿನ ಹೊರಗೆ ಇಟ್ಟಿದ್ದಳು. ಕೈಯಲ್ಲಿ ಹೂವಿನ ಅಚ್ಚಿನ ಒಂದು ತುಂಡು ಬಟ್ಟೆ. ಉಡುಪಿಯ ಮೇಡಂ ಬಂದದ್ದು ಬಸ್‌ಸ್ಟ್ಯಾಂಡಿನಿಂದಲೇ ಅವಳಿಗೆ ಗೊತ್ತಾಗಿತ್ತು. “ಮೆಷಿನು ಬಂತಾ?” ಎಂದು ಅಂಗಳದಿಂದಲೇ ಕೇಳಿದಳು.

ಲೊರ್ನಾ, “ಇಲ್ಲ, ಬರುವುದಿಲ್ಲ,” ಎಂದಳು.

“ಬರುವುದಿಲ್ಲವಾ?” ರತ್ನಾವತಿ ಇಬ್ಬರ ಮುಖವನ್ನೂ ನೋಡಿದಳು. “ಮತ್ತೆ ಆ ದಿವಸ ನಮ್ಮನ್ನು ಕರೆದು ಕೂರಿಸಿದ್ದು ಎಂತಕ್ಕೆ? ಗೊಂಬೆಯ ಹಾಗೆ? ನನ್ನ ಮಗಳು ದಿನಾ ಕೇಳ್ತಾಳೆ, ಮೆಷಿನು ಬಂತಾ ಅಂತ. ಕಲಿಸ್ತಾರೆ ಅಂತ ನಾನು ಹೇಳಿದ್ದೆ ಅವಳಿಗೆ.”

“ಮಗಳನ್ನು ಕಳಿಸು ರತ್ನಕ್ಕ. ನಾನು ಕಲಿಸ್ತೇನೆ. ಒಂದು ಮೆಷಿನು ಉಂಟಲ್ಲ.”

“ಬೇಡ, ಬೇಡ. ದೊಡ್ಡ ಮನೆಯವರ ಆಟ ನಮಗೆ ಆಗುವುದಿಲ್ಲ.” ಬಟ್ಟೆಯನ್ನು ಸುರುಳಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಅವಳು ಹೋದಳು. ಗೇಟು ಹಾಕಲಿಲ್ಲ. ಪಕ್ಕದ ಅಂಗಳದಲ್ಲಿ ಅವಳು ಕುಂಞಿಪಾತುಮ್ಮನಿಗೆ ಜೋರಾಗಿ ಹೇಳುವುದು ಕೇಳಿಸಿತು.

ಊರಿಗೆಲ್ಲ ವಿಷಯ ಮುಟ್ಟುತ್ತಿದೆ ಎಂದು ಇಬ್ಬರಿಗೂ ತಿಳಿದಿತ್ತು. ಖೈರುನ್ನಿಸಾ ಒಳಗೆ ಹೋಗಿ ಚಹಾ ತಂದಳು, ತಂದವಳು ನೆನಪಾಗಿ ನಿಂತುಬಿಟ್ಟಳು. “ಓ, ನಿಮಗೆ ನಿಯಮ ಉಂಟು ಅಲ್ವಾ.”

“ಈಗ ನಿಮ್ಮ ಅರ್ಜಿ ಇಲ್ಲವಲ್ಲ,” ಎಂದು ಲೊರ್ನಾ ಕೈ ಚಾಚಿದಳು.

ಆಮೇಲಿನ ಶನಿವಾರವೂ ಲೊರ್ನಾ ಹೋದಳು. ಹೊಲಿಗೆ ಕಲಿಯುತ್ತೇನೆ ಎಂದಳು, ಅದು ನಿಜವೂ ಆಗಿತ್ತು. ನಲುವತ್ತೆಂಟನೆಯ ವಯಸ್ಸಿನಲ್ಲಿ ಅವಳ ಕಾಲೂ ಮೊದಲು ಚಕ್ರವನ್ನು ಹಿಂದಕ್ಕೇ ತಿರುಗಿಸಿತು. ಖೈರುನ್ನಿಸಾ ಪಕ್ಕದಲ್ಲಿ ಕುಳಿತು ಬಟ್ಟೆ ದೂಡುತ್ತ, ಗಂಡ ಜಮಾಲ್ ಟೇಪಿನಲ್ಲಿ ಮಾತಾಡಿ ಕಳಿಸಿದ್ದು, ಶಾರ್ಜಾದ ಬಿಸಿಲು, ಏಳನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟದ್ದು, ಎಲ್ಲ ಹೇಳುತ್ತಿದ್ದಳು. ಲೊರ್ನಾ ಕೇಳುತ್ತಿದ್ದಳು. ಕೆಲವು ತಿಂಗಳಾದ ಮೇಲೆ ಅವಳೂ ಹೇಳತೊಡಗಿದಳು, ತಾಯಿ ಕೊನೆಗಾಲದಲ್ಲಿ ತನ್ನನ್ನು ಗುರುತಿಸದೆ ‘ನೀನು ಯಾರ ಮಗಳು’ ಎಂದು ಕೇಳುತ್ತಿದ್ದುದನ್ನು ಕೂಡ. ಖೈರುನ್ನಿಸಾ ಮೆಷಿನು ನಿಲ್ಲಿಸಿ, “ನೀವು ಎಂತ ಹೇಳುತ್ತಿದ್ದಿರಿ?” ಎಂದು ಕೇಳಿದಳು. ಹಾಗೆ ಕೇಳಿದವರು ಬೇರೆ ಯಾರೂ ಇರಲಿಲ್ಲ.

ಕುಂಞಿಪಾತುಮ್ಮ ಆಗೊಮ್ಮೆ ಈಗೊಮ್ಮೆ ಬೇಲಿಯಾಚೆಯಿಂದ ಇಣುಕುತ್ತಿದ್ದಳು. ಒಂದೆರಡು ಸಲ ಬಂದು ಕುಳಿತಳು ಕೂಡ, ಮೆಷಿನನ್ನು ಮಾತ್ರ ಮುಟ್ಟಲಿಲ್ಲ. ಉಳಿದವರು ಬರಲಿಲ್ಲ. ರತ್ನಾವತಿ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಸಂಘ ಆಗಲೇ ಇಲ್ಲ.

ಎಂಬತ್ತಮೂರರ ಬೇಸಗೆಯಲ್ಲಿ ಜಮಾಲ್ ಊರಿಗೆ ಬಂದ. ಒಳ್ಳೆಯ ಮನುಷ್ಯ. ಲೊರ್ನಾಳಿಗೂ ಒಂದು ಸೆಂಟಿನ ಬಾಟಲಿ ತಂದಿದ್ದ. ಈ ಸಲ ಅವನಿಗೆ ಫ್ಯಾಮಿಲಿ ವೀಸಾ ಸಿಕ್ಕಿತ್ತು.

“ಒಂದೇ ಕಟ್ಟಡದಲ್ಲಿ ನೂರು ಮನೆ ಉಂಟಂತೆ,” ಎಂದಳು ಖೈರುನ್ನಿಸಾ, ಹೊರಡುವ ಮುಂಚಿನ ಶನಿವಾರ. ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕುಳಿತಿದ್ದಳು. “ಒಂದರ ಮೇಲೆ ಒಂದು. ಗೋಡೆಗೆ ಗೋಡೆ. ಅಷ್ಟು ಮನೆ ಇದ್ದರೆ ಯಾರಾದರೂ ಉಪ್ಪು ಕೇಳಲಿಕ್ಕಾದರೂ ಬರುತ್ತಾರೆ, ಅಲ್ವಾ?”

“ಬರುತ್ತಾರೆ,” ಎಂದಳು ಲೊರ್ನಾ. ಅವಳ ಬಾಯಿಂದ ಸುಳ್ಳು ಅಷ್ಟು ಸುಲಭವಾಗಿ ಬಂದದ್ದು ಅದೇ ಮೊದಲು. ತಾನು ಹೊಲಿದ ತಲೆದಿಂಬಿನ ಗವಸನ್ನು ಕೊಟ್ಟಳು. ಒಂದು ಬದಿ ಸೊಟ್ಟಗಾಗಿತ್ತು. ಖೈರುನ್ನಿಸಾ ಸೊಟ್ಟಗಾದ ಬದಿಯ ಮೇಲೆ ಬೆರಳು ಓಡಿಸಿ, ಮಡಚಿ, ಸೀರೆಗಳ ಕೆಳಗೆ ಪೆಟ್ಟಿಗೆಯಲ್ಲಿ ಇಟ್ಟಳು. ಇಬ್ಬರೂ ಅಳಲಿಲ್ಲ. ಜಮಾಲ್ ಕಾರಿನವನೊಂದಿಗೆ ಬಾಡಿಗೆಯ ಮಾತು ಮುಗಿಸಿ ಒಳಗೆ ಬಂದಾಗ ಅವರು ದಾರದ ಉಂಡೆಗಳನ್ನು ಬಣ್ಣಕ್ಕೆ ತಕ್ಕ ಹಾಗೆ ಬೇರೆ ಮಾಡುತ್ತಿದ್ದರು.

ಮುಂದಿನ ಶನಿವಾರ ಲೊರ್ನಾ ಕಚೇರಿಯಿಂದ ಇಳಿದವಳು ರೂಢಿಯಂತೆ ಕಾಪುವಿನ ಬಸ್ಸು ಹತ್ತಿದಳು. ಟಿಕೆಟ್ಟು ಕೇಳಿದ ಮೇಲೆಯೇ ಅವಳಿಗೆ ನೆನಪಾದದ್ದು. ಇಳಿಯಲಿಲ್ಲ. ಕಾಪುವಿನಲ್ಲಿ ಇಳಿದು, ಅದೇ ದಾರಿಯಲ್ಲಿ ನಡೆದು, ಬೀಗ ಹಾಕಿದ ಮನೆಯನ್ನು ನಿಲ್ಲದೆ ದಾಟಿದಳು. ಆ ದಾರಿಯಲ್ಲಿ ಅದಕ್ಕಿಂತ ಮುಂದೆ ಅವಳು ಎಂದೂ ಹೋಗಿರಲಿಲ್ಲ. ತೆಂಗಿನ ಮರಗಳು ಮುಗಿದಲ್ಲಿ ಮರಳು ಶುರುವಾಯಿತು. ಬಿಸಿಲಿಗೆ ಹೆಣೆದ ತೆಂಗಿನ ಮಡಲುಗಳನ್ನು ಹಾಸಿ ಬಂಗುಡೆ ಮೀನು ಒಣಗಿಸಲು ಹಾಕಿದ್ದರು. ಅದರ ಪಕ್ಕದಲ್ಲಿ ಮಡಲಿನ ಚಪ್ಪರದಡಿ ರತ್ನಾವತಿ ಕುಳಿತಿದ್ದಳು.

ಲೊರ್ನಾ ಹಿಂದೆ ತಿರುಗಬೇಕೆಂದುಕೊಂಡಳು. ರತ್ನಾವತಿ ಅವಳನ್ನು ನೋಡಿಯಾಗಿತ್ತು.

“ಅವಳು ಹೋದಳಲ್ಲ, ನೀವು ಯಾಕೆ ಬಂದದ್ದು?”

ಲೊರ್ನಾ, “ಸುಮ್ಮನೆ,” ಎಂದಳು.

ರತ್ನಾವತಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬೆವರಿದ ಮುಖ, ಮರಳು ತುಂಬಿದ ಚಪ್ಪಲಿ, ಹೆಗಲಿನ ಆಫೀಸು ಚೀಲ. ಒಂದು ಕಾಗೆ ಬಂಗುಡೆಯ ಮೇಲೆ ಇಳಿಯಿತು. ರತ್ನಾವತಿ ಕೋಲು ಎತ್ತಿ “ಹಾ” ಎಂದು ಓಡಿಸಿದಳು.

“ಬಿಸಿಲಿಗೆ ನಿಲ್ಲಬೇಡಿ. ಬಲೆ, ಕುಳ್ಳುಲೆ,” ಎಂದಳು ತುಳುವಿನಲ್ಲಿ, ಬಂದು ಕುಳಿತುಕೊಳ್ಳಿ ಎಂದು ಚಪ್ಪರದಡಿಯ ನೆರಳನ್ನು ತೋರಿಸುತ್ತ.

ಲೊರ್ನಾ ಕುಳಿತಳು. ಕಡಲು ತನ್ನ ಪಾಡಿಗೆ ಸದ್ದು ಮಾಡುತ್ತಿತ್ತು. ಆಮೇಲೆ ರತ್ನಾವತಿ ಎದ್ದು ಸೀರೆ ಕೊಡವಿದಳು.

“ನಾನು ಒಂದು ಬಾಯಿ ಗಂಜಿ ಕುಡಿದು ಬರ್ತೇನೆ. ಬೆಳಿಗ್ಗೆಯಿಂದ ಏಳಲಿಕ್ಕೆ ಆಗಲಿಲ್ಲ. ಮೀನನ್ನು ಸ್ವಲ್ಪ ನೋಡ್ತೀರಾ?”

ಕೋಲನ್ನು ಲೊರ್ನಾಳ ಕೈಗೆ ಕೊಟ್ಟು, ಉತ್ತರಕ್ಕೆ ಕಾಯದೆ, ಅವಳು ತೆಂಗಿನ ಮರಗಳ ನಡುವಿನ ತನ್ನ ಮನೆಯ ಕಡೆಗೆ ಹೊರಟಳು. ಕಾಗೆಗಳು ದೂರದ ದೋಣಿಯ ಅಂಚಿನಲ್ಲಿ ಸಾಲಾಗಿ ಕುಳಿತು ಕತ್ತು ಓರೆ ಮಾಡಿ ನೋಡುತ್ತಿದ್ದವು. ಲೊರ್ನಾ ಚಪ್ಪಲಿ ಕಳಚಿಟ್ಟು, ಕಾಲು ಚಾಚಿ, ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವುಗಳನ್ನೇ ನೋಡುತ್ತ ಕುಳಿತಳು.